ತೋಳು ಯಾಕೆ ದಪ್ಪಗಾಗುತ್ತಿಲ್ಲ? ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ಜಿಮ್‌ಗೆ ಸೇರಿ ಆರು ತಿಂಗಳಾದರೂ ಅಂಗಿಯ ತೋಳು ಮೊದಲಿನಷ್ಟೇ ಸಡಿಲವಾಗಿದ್ದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ವ್ಯಾಯಾಮ ಬದಲಿಸುವುದು. ಬಾರ್ಬೆಲ್ ಕರ್ಲ್ (ಮೊಣಕೈ ಮಡಚಿ ತೂಕ ಮೇಲೆತ್ತುವುದು) ಬಿಟ್ಟು ಕೇಬಲ್ ಕರ್ಲ್, ಅದನ್ನು ಬಿಟ್ಟು ಇನ್ನೊಂದು. ಆದರೆ ತೋಳು ಬೆಳೆಯದ ದೋಷ ವ್ಯಾಯಾಮದ ಹೆಸರಿನಲ್ಲಿರುವುದು ತೀರಾ ಅಪರೂಪ. ಅಳತೆ ತಪ್ಪಿರುತ್ತದೆ, ಲೆಕ್ಕ ಇಟ್ಟಿರುವುದಿಲ್ಲ, ಎತ್ತುವ ರೀತಿ ಸರಿಯಿರುವುದಿಲ್ಲ, ತಟ್ಟೆಯಲ್ಲಿ ಬೇಕಾದದ್ದು ಇರುವುದಿಲ್ಲ. ಇದೇ ಕ್ರಮದಲ್ಲಿ ಹುಡುಕುತ್ತಾ ಹೋದರೆ ಬಹುತೇಕ ದೋಷ ಖರ್ಚಿಲ್ಲದೆ ಸಿಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದಕ್ಕೆ ಕನಿಷ್ಠ ನಾಲ್ಕು ವಾರ ಕೊಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ನೋವಿನ ವಿಷಯಕ್ಕೆ ಮಾತ್ರ ಈ ನಾಲ್ಕು ವಾರದ ಮಾತು ಸಲ್ಲದು.

## ಇವು ಕಂಡರೆ ವ್ಯಾಯಾಮ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ

ತೂಕ ಎತ್ತುವಾಗ ಮೊಣಕೈ ಬಳಿ "ಟಪ್" ಎಂದು ಸದ್ದಾಯಿತು. ಆಮೇಲೆ ಅಲ್ಲಿ ನೋವು, ನೀಲಿಗಟ್ಟಿದ ಚರ್ಮ, ಮೇಲ್ದೋಳಿನ ಮುಂಭಾಗದ ಸ್ನಾಯುವಾದ ಬೈಸೆಪ್ಸ್‌ನ ಉಬ್ಬು ಭುಜದ ಕಡೆಗೆ ಸರಿದಂತೆ ನೋಟ. ಇದು ಬೈಸೆಪ್ಸ್‌ನ ಕೆಳತುದಿಯ ಸ್ನಾಯುರಜ್ಜು ಎಲುಬಿನಿಂದ ಕಿತ್ತುಬಂದ ಲಕ್ಷಣ. ಡೆಡ್‌ಲಿಫ್ಟ್‌ನಲ್ಲಿ (ನೆಲದ ಮೇಲಿನ ರಾಡನ್ನು ಎತ್ತಿ ನಿಲ್ಲುವ ವ್ಯಾಯಾಮ) ಒಂದು ಅಂಗೈ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಿಸಿ ರಾಡ್ ಹಿಡಿಯುವವರಲ್ಲಿ, ಮುಂದಕ್ಕೆ ತಿರುಗಿದ ಕೈಗೆ ಹೀಗಾಗುವುದುಂಟು. ಶಸ್ತ್ರಚಿಕಿತ್ಸೆ ಬೇಕಾದಲ್ಲಿ ಎರಡು ಮೂರು ವಾರದೊಳಗೆ ಮಾಡಿದರೆ ಜೋಡಣೆ ಸುಲಭ. ತಡವಾದಷ್ಟೂ ರಜ್ಜು ಮೇಲಕ್ಕೆ ಸರಿದು ಮುದುಡಿಕೊಳ್ಳುತ್ತದೆ. "ಉಳುಕಿರಬೇಕು, ಎಣ್ಣೆ ತಿಕ್ಕಿದರೆ ಹೋಗುತ್ತದೆ" ಎಂದು ಕಾಯುವುದೇ ಇಲ್ಲಿ ಆಗುವ ದೊಡ್ಡ ನಷ್ಟ.

ವ್ಯಾಯಾಮ ಮಾಡಿ ಒಂದರಿಂದ ಮೂರು ದಿನದೊಳಗೆ ತೋಳು ಊದಿಕೊಂಡು, ಕೈ ನೀಡಲಾಗದಷ್ಟು ನೋವಾಗಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಮಾಮೂಲಿ ಮೈಕೈ ನೋವಲ್ಲ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರುತ್ತಿದೆ. ವೈದ್ಯರು ಇದನ್ನು ರ‍್ಯಾಬ್ಡೋಮಯೋಲಿಸಿಸ್ ಎನ್ನುತ್ತಾರೆ, ಮೂತ್ರಪಿಂಡಕ್ಕೆ ಅಪಾಯ. ಮೊದಲ ದಿನವೇ ಹಟಕ್ಕೆ ಬಿದ್ದು ನೂರಾರು ಕರ್ಲ್ ಮಾಡಿದವರಿಗೆ, ಬಹಳ ದಿನ ಬಿಟ್ಟು ಮತ್ತೆ ಹಳೆಯ ತೂಕಕ್ಕೇ ಕೈಹಾಕಿದವರಿಗೆ, ಸೆಕೆಯಲ್ಲಿ ನೀರು ಕುಡಿಯದೆ ದುಡಿದವರಿಗೆ ಹೀಗಾಗುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಿ, ಸ್ನಾಯು ಎಷ್ಟು ಒಡೆದಿದೆ ಎಂದು ತೋರಿಸುವ ಸಿ.ಕೆ. ರಕ್ತಪರೀಕ್ಷೆಯ ಬಗ್ಗೆ ಕೇಳಿ.

ಒಂದೇ ತೋಳು ಇದ್ದಕ್ಕಿದ್ದಂತೆ ಭಾರವಾಗಿ ಊದಿ, ನೀಲಿ ಛಾಯೆ ಬಂದು, ಭುಜದ ಮೇಲೆ ಹೊಸದಾಗಿ ರಕ್ತನಾಳಗಳು ಎದ್ದು ಕಂಡರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎದೆ ಒತ್ತಿದಂತಾಗಿ, ನೋವು ಎಡತೋಳಿಗೋ ದವಡೆಗೋ ಹರಡಿ, ತಣ್ಣನೆಯ ಬೆವರು ಬಂದರೆ 108ಕ್ಕೆ ಕರೆ ಮಾಡಿ. ಬೈಕ್ ಓಡಿಸಿಕೊಂಡು ನೀವೇ ಹೋಗಬೇಡಿ.

## ಲಕ್ಷಣ: ಮೂರು ತಿಂಗಳಾಯಿತು, ಟೇಪು ಕದಲಿಲ್ಲ

ಮೊದಲು ಟೇಪನ್ನೇ ಅನುಮಾನಿಸಿ. ವ್ಯಾಯಾಮದ ಮರುಕ್ಷಣ ರಕ್ತ ತುಂಬಿಕೊಂಡ ತೋಳು ಒಂದು ಸೆಂಟಿಮೀಟರಿನಷ್ಟು ಹೆಚ್ಚು ತೋರಿಸಬಹುದು. ಕೆಲವು ಗಂಟೆಗಳಲ್ಲಿ ಅದು ಇಳಿದುಹೋಗುತ್ತದೆ. ಜನವರಿಯಲ್ಲಿ ವ್ಯಾಯಾಮದ ನಂತರ, ಏಪ್ರಿಲ್‌ನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಅಳೆದರೆ ನಿಜವಾಗಿ ಬೆಳೆದ ತೋಳೂ ಬೆಳೆದಿಲ್ಲ ಎನಿಸುತ್ತದೆ.

ಸರಿಯಾಗಿ ಅಳೆಯುವುದು ಹೀಗೆ: ದರ್ಜಿಯ ಟೇಪು ತೆಗೆದುಕೊಳ್ಳಿ. ಭುಜದ ತುದಿಯ ಎಲುಬಿನಿಂದ ಮೊಣಕೈ ತುದಿಯವರೆಗೆ ಅಳೆದು ಸರಿ ಮಧ್ಯಕ್ಕೆ ಪೆನ್ನಿನಿಂದ ಗುರುತು ಹಾಕಿ. ತಿಂಗಳಿಗೆ ಒಂದು ಸಲ, ಬೆಳಿಗ್ಗೆ ತಿಂಡಿಗೆ ಮೊದಲು, ತೋಳು ಜೋತುಬಿಟ್ಟು ಒಂದು ಅಳತೆ, ಮಡಚಿ ಬಿಗಿದು ಒಂದು ಅಳತೆ. ಟೇಪು ಚರ್ಮ ಮುಟ್ಟಬೇಕು, ಒತ್ತಬಾರದು. ಎರಡೂ ಕೈ ಅಳೆಯಿರಿ, ಅದೇ ದಿನದ ದೇಹತೂಕವನ್ನೂ ಪಕ್ಕದಲ್ಲಿ ಬರೆಯಿರಿ. ವಾರ ವಾರ ಅಳೆಯುವುದು ಬೇಡ. ವಾರದಲ್ಲಿ ಆಗುವ ಬದಲಾವಣೆ ಟೇಪಿನ ತಪ್ಪಿಗಿಂತ ಚಿಕ್ಕದು.

ನಿರೀಕ್ಷೆಯನ್ನೂ ಅಳತೆಗೆ ತನ್ನಿ. ತೋಳಿನ ಸುತ್ತ ಎಲ್ಲ ಕಡೆಯೂ 1.5 ಮಿ.ಮೀ. ಮಾಂಸ ಕೂಡಿದರೆ ಸುತ್ತಳತೆ ಏರುವುದು ಸುಮಾರು 9 ಮಿ.ಮೀ. ಮಾತ್ರ. ಹೊಸಬರು ಮೂರು ತಿಂಗಳಲ್ಲಿ ಒಂದು ಸೆಂಟಿಮೀಟರಿನ ಆಸುಪಾಸು ಗಳಿಸಿದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ. ಹೊಟ್ಟೆ ಕರಗಿಸುತ್ತಾ ತೂಕ ಇಳಿಸುತ್ತಿರುವವರಿಗೆ ಟೇಪು ನಿಂತಲ್ಲೇ ನಿಲ್ಲಬಹುದು, ಏಕೆಂದರೆ ತೋಳಿನ ಕೊಬ್ಬು ಕಡಿಮೆಯಾಗುತ್ತಾ ಸ್ನಾಯು ಹೆಚ್ಚುತ್ತಿರುತ್ತದೆ. ಅಂಥವರು ಟೇಪಿಗಿಂತ ಎತ್ತುವ ತೂಕವನ್ನು ನಂಬಬೇಕು.

ಅಳತೆ ಸರಿಯಿದ್ದೂ ಟೇಪು ಕದಲದಿದ್ದರೆ ಎರಡನೆಯ ಪರೀಕ್ಷೆ: ನಾಲ್ಕು ವಾರದ ಹಿಂದೆ ಇದೇ ವ್ಯಾಯಾಮದಲ್ಲಿ ಎಷ್ಟು ತೂಕ, ಎಷ್ಟು ರೆಪ್ಸ್ (ಒಂದೇ ಸಮನೆ ಎಷ್ಟು ಸಲ) ಮಾಡಿದ್ದಿರಿ? ಥಟ್ಟನೆ ಹೇಳಲಾಗದಿದ್ದರೆ ದೋಷ ಸಿಕ್ಕಿತು. ನಲವತ್ತು ಪುಟದ ನೋಟ್‌ಬುಕ್ ಸಾಕು. "ಸೋಮವಾರ, ಝಡ್ ರಾಡ್ ಕರ್ಲ್, ಒಟ್ಟು 20 ಕೆ.ಜಿ., 11-9-8" ಎಂಬ ಒಂದು ಸಾಲು. ಕೊನೆಯ ಮೂರು ಸಂಖ್ಯೆ ಮೂರು ಸೆಟ್‌ನ ರೆಪ್ಸ್; ಬಿಡುವಿಲ್ಲದೆ ಮಾಡುವ ಒಂದು ಸುತ್ತೇ ಸೆಟ್. ರಾಡಿನ ತೂಕವನ್ನೂ ಸೇರಿಸಿ ಬರೆಯಿರಿ. ಅಂಕುಡೊಂಕಾದ ಈ ಝಡ್ ರಾಡ್‌ಗಳು ಒಂದೊಂದು ಜಿಮ್‌ನಲ್ಲಿ ಒಂದೊಂದು ತೂಕ ಇರುತ್ತವೆ. ಪುಲ್ಲಿ ಯಂತ್ರದ ಮೇಲಿನ ಸಂಖ್ಯೆಯನ್ನು ಇನ್ನೊಂದು ಯಂತ್ರದ ಸಂಖ್ಯೆಗೆ ಹೋಲಿಸಬೇಡಿ. ಕೇಬಲ್ ಎಷ್ಟು ಗಾಲಿಗಳ ಮೇಲೆ ಹೇಗೆ ಸುತ್ತಿಬರುತ್ತದೆ ಎನ್ನುವುದರ ಮೇಲೆ ಕೈಗೆ ಬರುವ ಭಾರ ಅರ್ಧಕ್ಕೂ ಇಳಿಯಬಹುದು.

## ಲಕ್ಷಣ: ಪುಸ್ತಕದಲ್ಲಿ ಬರೆಯುತ್ತಿದ್ದೇನೆ, ತೂಕ ಮಾತ್ರ ಏರುತ್ತಿಲ್ಲ

ಇಲ್ಲಿ ಹೆಚ್ಚಾಗಿ ಮೂರು ಕಾರಣ.

ಒಂದು, ಡಂಬಲ್ ಸಾಲಿನ ಅಂತರ. 10 ಕೆ.ಜಿ.ಯ ಮುಂದಿನ ಡಂಬಲ್ 12.5 ಕೆ.ಜಿ. ಎಂದರೆ ಒಮ್ಮೆಗೇ ಶೇ. 25ರಷ್ಟು ಏರಿಕೆ. 7.5ರಿಂದ 10ಕ್ಕೆ ಹೋದರೆ ಶೇ. 33. ಬೆಂಚ್ ಪ್ರೆಸ್‌ನಂಥ ದೊಡ್ಡ ವ್ಯಾಯಾಮದಲ್ಲಿ 2.5 ಕೆ.ಜಿ. ಸಣ್ಣದು, ಕರ್ಲ್‌ನಲ್ಲಿ ಅದು ಬೆಟ್ಟ. ಅದಕ್ಕೇ ತೋಳಿಗೆ ರೆಪ್ಸ್ ಏರಿಸಿ, ಆಮೇಲೆ ತೂಕ ಏರಿಸಿ. 10 ಕೆ.ಜಿ.ಯಲ್ಲಿ 8 ರೆಪ್ಸ್‌ನಿಂದ ಶುರುಮಾಡಿ, ಮೂರೂ ಸೆಟ್‌ನಲ್ಲಿ 14–15 ಆಗುವವರೆಗೆ ಅದರಲ್ಲೇ ಇರಿ. ಆಗ 12.5 ಹಿಡಿದರೆ 6–8 ಬರುತ್ತದೆ, ಅಲ್ಲಿಂದ ಮತ್ತೆ ಏರಿ. ರಾಡ್ ಬಳಸುವವರಿಗೆ 1.25 ಕೆ.ಜಿ.ಯ ಪ್ಲೇಟ್ ಜೋಡಿ ಒಳ್ಳೆಯ ಹೂಡಿಕೆ. ಮನೆಯಲ್ಲಿ ಮಾಡುವವರು ಗಟ್ಟಿ ಚೀಲದಲ್ಲಿ ನೀರಿನ ಬಾಟಲಿ ತುಂಬಬಹುದು: ಒಂದು ಲೀಟರ್ ನೀರು ಒಂದು ಕೆ.ಜಿ., ಅರ್ಧ ಲೀಟರ್ ಸೇರಿಸುತ್ತಾ ಹೋದರೆ ಯಾವ ಜಿಮ್‌ನಲ್ಲೂ ಸಿಗದಷ್ಟು ಸಣ್ಣ ಮೆಟ್ಟಿಲು.

ಎರಡು, ಸೆಟ್ ಬೇಗ ನಿಲ್ಲಿಸುವುದು. 5ರಿಂದ 30 ರೆಪ್ಸ್‌ವರೆಗೆ ಯಾವುದೇ ತೂಕದಲ್ಲಿ ಸ್ನಾಯು ಬೆಳೆಯುತ್ತದೆ, ಆದರೆ ಸೆಟ್ ಮುಗಿಯುವಾಗ ಇನ್ನು ಒಂದರಿಂದ ಮೂರು ರೆಪ್ಸ್ ಮಾತ್ರ ಉಳಿದಿರಬೇಕು. ಪರೀಕ್ಷಿಸುವುದು ಸುಲಭ. ದಿನದ ಕೊನೆಯ ಸೆಟ್‌ನಲ್ಲಿ, ಕೈಬಿಟ್ಟರೂ ಅಪಾಯವಿಲ್ಲದ ವ್ಯಾಯಾಮದಲ್ಲಿ, ಉದಾಹರಣೆಗೆ ಕೇಬಲ್ ಕರ್ಲ್‌ನಲ್ಲಿ, ಎಂದಿನ ತೂಕದಲ್ಲಿ ಕೈ ಏಳದೆ ಹೋಗುವವರೆಗೆ ಎಣಿಸಿ. ಯಾವಾಗಲೂ 10ಕ್ಕೆ ನಿಲ್ಲಿಸುತ್ತಿದ್ದವರಿಗೆ 17 ಬಂದರೆ, ಇಷ್ಟು ದಿನ ನಡೆದದ್ದು ವಾರ್ಮಪ್ಪು.

ಮೂರು, ತೋಳಿಗೆಂದು ವಾರಕ್ಕೆ ಒಂದೇ ದಿನ ಮೀಸಲಿಡುವುದು. ನಮ್ಮ ಜಿಮ್‌ಗಳಲ್ಲಿ ಸೋಮವಾರ ಎದೆ, ಮಂಗಳವಾರ ಬೆನ್ನು ಎಂದು ಹಂಚಿ, ಒಂದು ದಿನ ತೋಳಿಗೆ 20–25 ಸೆಟ್ ಸುರಿಯುವ ಪದ್ಧತಿ ಇದೆ. ಒಂದು ಸ್ನಾಯುವಿಗೆ 8–10 ಸೆಟ್ ಆದ ಮೇಲೆ ತೂಕ ಇಳಿಯುತ್ತದೆ, ರೀತಿ ಕೆಡುತ್ತದೆ, ಉಳಿದದ್ದು ಬರೀ ದಣಿವು. ಅದೇ ಸೆಟ್‌ಗಳನ್ನು ಎರಡು ಅಥವಾ ಮೂರು ದಿನಕ್ಕೆ ಹಂಚಿ. ಬೈಸೆಪ್ಸ್‌ಗೆ ವಾರಕ್ಕೆ 8–12 ನೇರ ಸೆಟ್, ಮೇಲ್ದೋಳಿನ ಹಿಂಬದಿಯ ಟ್ರೈಸೆಪ್ಸ್‌ಗೂ ಅಷ್ಟೇ. ತೋಳೂ ಜೊತೆಗೆ ದುಡಿಯುವ ರೋಯಿಂಗ್, ಪುಲ್‌ಡೌನ್, ಬೆಂಚ್ ಪ್ರೆಸ್‌ನ ಸೆಟ್‌ಗಳನ್ನು ಅರ್ಧ ಸೆಟ್ ಎಂದು ಎಣಿಸಿ. ಸೆಟ್‌ಗಳ ನಡುವೆ ಎರಡು ನಿಮಿಷ ಬಿಡಿ. ಮೂವತ್ತು ಸೆಕೆಂಡಿಗೆ ಮತ್ತೆ ಎತ್ತಿದರೆ ಉಸಿರು ಸೋಲುತ್ತದೆ, ಸ್ನಾಯು ಪೂರ್ತಿ ದುಡಿಯುವುದಿಲ್ಲ. ಮೊಬೈಲ್ ನೋಡುತ್ತಾ ಆರು ನಿಮಿಷ ಕೂತರೂ ಕೆಡುಕು: ಒಂದು ಗಂಟೆಯಲ್ಲಿ ಆಗಬೇಕಾದ ಕೆಲಸದ ಅರ್ಧ ಉಳಿದುಹೋಗುತ್ತದೆ.

## ಲಕ್ಷಣ: ತೂಕ ಏರುತ್ತಿದೆ, ತೋಳು ಹಾಗೇ ಇದೆ

ಎತ್ತುತ್ತಿರುವುದು ತೋಳಲ್ಲ, ಸೊಂಟ. ಬೇರೆ ಎಲ್ಲಕ್ಕಿಂತ ಇದೇ ಹೆಚ್ಚು ಕಾಣುವ ದೋಷ, ಮಾಡುವವರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಕನ್ನಡಿಗೆ ಎದುರಾಗಿ ನಿಂತಾಗ ಸೊಂಟ ಹಿಂದೆ ಮುಂದೆ ತೂಗುವುದು ಕಾಣದು. ಮೊಬೈಲನ್ನು ಪಕ್ಕಕ್ಕೆ, ಸೊಂಟದ ಎತ್ತರಕ್ಕೆ ಇಟ್ಟು ಒಂದು ಸೆಟ್ ಚಿತ್ರೀಕರಿಸಿ.

ಇನ್ನೂ ಖಚಿತವಾದ ಪರೀಕ್ಷೆ ಗೋಡೆಯದು. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದಿಟ್ಟು, ಪೃಷ್ಠ, ಬೆನ್ನು, ತಲೆಯ ಹಿಂಭಾಗ, ಎರಡೂ ಮೊಣಕೈಗಳ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಿ. ಎಂದಿನ ಡಂಬಲ್ ಹಿಡಿದು ಕರ್ಲ್ ಮಾಡಿ. ಯಾವುದೂ ಗೋಡೆ ಬಿಡಬಾರದು. 12.5 ಕೆ.ಜಿ.ಯಲ್ಲಿ 10 ಮಾಡುತ್ತಿದ್ದವರಿಗೆ ಇಲ್ಲಿ 8–9 ಬಂದರೆ ರೀತಿ ಚೆನ್ನಾಗಿದೆ. 4ಕ್ಕೆ ನಿಂತರೆ ಉಳಿದ ಆರನ್ನು ಇಷ್ಟು ದಿನ ಸೊಂಟ ಎತ್ತಿದೆ. ಸೊಂಟದ ಕೆಳಬೆನ್ನು ನೋಯಲು ಶುರುವಾಗುವುದೂ ಇಂಥವರಿಗೇ. ಗೋಡೆಯ ಪರೀಕ್ಷೆಯಲ್ಲಿ 10 ಬರುವ ತೂಕವನ್ನೇ ನಿಮ್ಮ ನಿಜವಾದ ತೂಕ ಎಂದು ಪುಸ್ತಕದಲ್ಲಿ ಬರೆದು ಅಲ್ಲಿಂದ ಮುಂದುವರಿಯಿರಿ. ಒಂದೆರಡು ವಾರ ಇದು ಮುಜುಗರ ತರುತ್ತದೆ, ನಿಜ. ಆದರೆ ತೋಳು ಬೆಳೆಯಲು ಶುರುವಾಗುವುದು ಇಲ್ಲಿಂದಲೇ.

ಒಂದು ಸರಿಯಾದ ಕರ್ಲ್ ಹೀಗಿರುತ್ತದೆ. ಕೈ ಪೂರ್ತಿ ನೀಡಿದೆ, ಬೈಸೆಪ್ಸ್ ಎಳೆದಂತಿದೆ. ಮಣಿಕಟ್ಟು ನೆಟ್ಟಗೆ; ಒಳಕ್ಕೂ ಮಡಚಿಲ್ಲ, ಹಿಂದಕ್ಕೂ ಬಗ್ಗಿಲ್ಲ. ಮೊಣಕೈ ಪಕ್ಕೆಲುಬಿನ ಬಳಿ ನಿಂತಿದೆ. ಮೇಲೆ ಹೋಗುವಾಗ ಅಂಗೈ ಆಕಾಶ ನೋಡುವಂತೆ ತಿರುಗುತ್ತದೆ, ಕಿರುಬೆರಳಿನ ಕಡೆ ಸ್ವಲ್ಪ ಹೆಚ್ಚೇ ಎತ್ತುತ್ತದೆ. ಈ ತಿರುವು ಬೈಸೆಪ್ಸ್‌ನದೇ ಕೆಲಸ. ಇಳಿಸುವಾಗ ಎರಡು ಮೂರು ಸೆಕೆಂಡು ಹಿಡಿದು ಬಿಡಬೇಕು, ಕೊನೆಯ ಕಾಲುಭಾಗವನ್ನೂ ಸೇರಿಸಿ. ಹೆಚ್ಚಿನವರು ಕೆಳಗೆ ಮುಕ್ಕಾಲು ದಾರಿಯಿಂದಲೇ ಹಿಂದಿರುಗುತ್ತಾರೆ. ಸ್ನಾಯು ಉದ್ದವಾಗಿ ಎಳೆದುಕೊಂಡಿರುವ ಸ್ಥಿತಿಯಲ್ಲಿ ಬೀಳುವ ಭಾರವೇ ಬೆಳವಣಿಗೆಗೆ ಹೆಚ್ಚು ಉಪಕಾರಿ, ಅದನ್ನೇ ಬಿಟ್ಟಂತಾಗುತ್ತದೆ.

ತೋಳನ್ನು ಓರೆ ಹಲಗೆಗೆ ಒರಗಿಸಿ ಕರ್ಲ್ ಮಾಡುವ ಪ್ರೀಚರ್ ಬೆಂಚ್‌ನಲ್ಲಿ ಈ ಕೆಳಗಿನ ಭಾಗ ಬಹಳ ಭಾರವಾಗುತ್ತದೆ. ಅಲ್ಲಿ 10–12 ರೆಪ್ಸ್ ಬರುವ ತೂಕ ಮಾತ್ರ ಬಳಸಿ, ಕೆಳಗೆ ಹೋಗುವಾಗ ಜಾರಿಬಿಡಬೇಡಿ, ಕೆಳಗಿನಿಂದ ಎಗರಿಸಬೇಡಿ.

## ಲಕ್ಷಣ: ಬೈಸೆಪ್ಸ್‌ಗೆ ಏನೂ ಅನಿಸುವುದಿಲ್ಲ, ಮುಂಗೈ ಅಥವಾ ಭುಜ ಸೋಲುತ್ತದೆ

ಮುಂಗೈ ಉರಿದರೆ ಮಣಿಕಟ್ಟನ್ನು ಒಳಕ್ಕೆ ಮಡಚಿ ಎತ್ತುತ್ತಿದ್ದೀರಿ, ಇಲ್ಲವೇ ರಾಡನ್ನು ಅತಿಯಾಗಿ ಹಿಂಡುತ್ತಿದ್ದೀರಿ. ಭುಜದ ಮುಂಭಾಗ ದಣಿದರೆ ಮೊಣಕೈ ಮುಂದಕ್ಕೆ ಹೋಗುತ್ತಿದೆ. ಬೆಂಚನ್ನು 45–60 ಡಿಗ್ರಿಗೆ ಒರಗಿಸಿ, ತೋಳು ದೇಹದ ಹಿಂದಕ್ಕೆ ಜೋತುಬಿಟ್ಟು ಇಂಕ್ಲೈನ್ ಕರ್ಲ್ ಮಾಡಿ. ಎಂದಿನ ತೂಕದ ಮೂರರಲ್ಲಿ ಎರಡು ಭಾಗ ಸಾಕು. ಬೈಸೆಪ್ಸ್‌ನ ಎರಡು ಕವಲುಗಳಲ್ಲಿ ಒಂದಾದ ಉದ್ದ ತಲೆ ಭುಜವನ್ನೂ ದಾಟಿ ಹೋಗುವುದರಿಂದ ಈ ಭಂಗಿಯಲ್ಲಿ ಅದು ಚೆನ್ನಾಗಿ ಎಳೆಯುತ್ತದೆ, ಎರಡೇ ಸೆಟ್‌ನಲ್ಲಿ ವ್ಯತ್ಯಾಸ ತಿಳಿಯುತ್ತದೆ.

## ಲಕ್ಷಣ: ಮಡಚಿದಾಗ ಚೆನ್ನಾಗಿದೆ, ಕೈ ಇಳಿಬಿಟ್ಟರೆ ತೆಳ್ಳಗೆ

ಟ್ರೈಸೆಪ್ಸ್ ಬಾಕಿ ಇದೆ. ಮೇಲ್ದೋಳಿನ ಸ್ನಾಯುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಿಂಬದಿಯ ಈ ಮೂರು ತಲೆಯ ಸ್ನಾಯುವಿನದು. ನೋಟ್‌ಬುಕ್ ತೆರೆದು ಒಂದು ವಾರದ ಸೆಟ್ ಎಣಿಸಿ: ಕರ್ಲ್ 14, ಟ್ರೈಸೆಪ್ಸ್ 5 ಎಂದಿದ್ದರೆ ಬೇರೆ ಪರೀಕ್ಷೆ ಬೇಡ.

ಸೆಟ್ ಸಮನಾಗಿದ್ದೂ ಹಿಂಭಾಗ ತುಂಬದಿದ್ದರೆ ಎಲ್ಲವೂ ಪುಲ್ಲಿ ಪುಶ್‌ಡೌನ್ (ಕೇಬಲನ್ನು ಕೆಳಕ್ಕೆ ಒತ್ತುವುದು) ಆಗಿದೆಯೇ ನೋಡಿ. ಟ್ರೈಸೆಪ್ಸ್‌ನ ಉದ್ದ ತಲೆ ಹೆಗಲಿನ ಎಲುಬಿನಿಂದ ಹೊರಡುತ್ತದೆ. ತೋಳು ಕೆಳಗಿದ್ದಾಗ ಅದು ಸಡಿಲ, ತಲೆಯ ಮೇಲಕ್ಕೆ ಎತ್ತಿದಾಗ ಬಿಗಿ. ಹನ್ನೆರಡು ವಾರ ಎರಡೂ ಭಂಗಿಗಳನ್ನು ಹೋಲಿಸಿದ ಅಧ್ಯಯನದಲ್ಲಿ ತಲೆಯ ಮೇಲಿನ ಭಂಗಿಯಲ್ಲೇ ಟ್ರೈಸೆಪ್ಸ್ ಹೆಚ್ಚು ಬೆಳೆದಿದೆ. ಆದ್ದರಿಂದ ವಾರದ ಅರ್ಧ ಸೆಟ್ ಓವರ್‌ಹೆಡ್ ಎಕ್ಸ್‌ಟೆನ್ಷನ್ (ತೂಕವನ್ನು ತಲೆಯ ಹಿಂದಿನಿಂದ ಮೇಲೆತ್ತುವುದು) ಇರಲಿ, 10–15 ರೆಪ್ಸ್‌ನಲ್ಲಿ. ಉಳಿದದ್ದಕ್ಕೆ ಕ್ಲೋಸ್ ಗ್ರಿಪ್ ಬೆಂಚ್ ಪ್ರೆಸ್. ಕೈಗಳ ನಡುವೆ ಭುಜದಷ್ಟು ಅಂತರ ಬೇಕು. ಕೈ ಒಂದಕ್ಕೊಂದು ತಾಗುವಂತೆ ಹಿಡಿದರೆ ಮಣಿಕಟ್ಟು ಸೋಲುತ್ತದೆಯೇ ಹೊರತು ಟ್ರೈಸೆಪ್ಸ್‌ಗೆ ಲಾಭವಿಲ್ಲ. ಉಪಕರಣ ಇಲ್ಲದವರಿಗೆ ಗರಡಿಯ ದಂಡ ಇದೆ. ಇಳಿಯುವಾಗ ಮೊಣಕೈಯನ್ನು ಪಕ್ಕೆಗೆ ಹತ್ತಿರ ಇಟ್ಟು ಮೂರು ಸೆಕೆಂಡು ಹಿಡಿದರೆ ದಂಡ ಟ್ರೈಸೆಪ್ಸ್‌ಗೆ ಚೆನ್ನಾಗಿ ಕೂರುತ್ತದೆ.

ಎಚ್ಚರಿಕೆ: ಮನೆಯಲ್ಲಿ ಬಳಸುವ, ನಟ್ ತಿರುಗಿಸಿ ಬಿಗಿಯುವ ಡಂಬಲ್ ಪ್ರತಿ ಸೆಟ್‌ಗೂ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ಓವರ್‌ಹೆಡ್ ಎಕ್ಸ್‌ಟೆನ್ಷನ್‌ನಲ್ಲಿ ಆ ಪ್ಲೇಟ್‌ಗಳು ನೇರ ನಿಮ್ಮ ತಲೆ, ಬೆನ್ನಿನ ಮೇಲಿರುತ್ತವೆ. ಪ್ರತಿ ಸೆಟ್‌ಗೆ ಮೊದಲು ಎರಡೂ ನಟ್ ಬಿಗಿಮಾಡಿ. ಬೆಂಚ್ ಮೇಲೆ ಮಲಗಿ ಮಾಡುವ ಯಾವುದಕ್ಕೂ ಹೆಬ್ಬೆರಳನ್ನು ರಾಡಿನ ಸುತ್ತ ಹಾಕಿಯೇ ಹಿಡಿಯಿರಿ, ಪಕ್ಕದಲ್ಲಿ ಒಬ್ಬರಿರಲಿ. ಪುಲ್ಲಿಯ ಕೇಬಲ್‌ನ ಪ್ಲಾಸ್ಟಿಕ್ ಸಿಪ್ಪೆ ಹರಿದು ಒಳಗಿನ ತಂತಿಯ ಎಳೆ ಕಂಡರೆ ಆ ಯಂತ್ರ ಮುಟ್ಟಬೇಡಿ. ರಕ್ತದೊತ್ತಡ ಇರುವವರು ಎತ್ತುವಾಗ ಉಸಿರು ಬಿಗಿ ಹಿಡಿಯದೆ ಬಿಡುತ್ತಾ ಎತ್ತಬೇಕು.

## ಲಕ್ಷಣ: ಜಿಮ್‌ನಲ್ಲಿ ಎಲ್ಲ ಸರಿಯಿದೆ, ಆದರೂ ಮೈ ಹಿಡಿಯುತ್ತಿಲ್ಲ

ದೇಹತೂಕ ಮೂರು ತಿಂಗಳಿಂದ ನಿಂತಲ್ಲೇ ನಿಂತಿದ್ದರೆ ಮೊದಲು ತಟ್ಟೆ ನೋಡಿ. ಸ್ನಾಯು ಕಟ್ಟುವವರಿಗೆ ಒಂದು ಕೆ.ಜಿ. ದೇಹತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 65 ಕೆ.ಜಿ.ಯವರಿಗೆ 104 ಗ್ರಾಂ. ಸಾಮಾನ್ಯ ಆರೋಗ್ಯವಂತರಿಗೆ ನಮ್ಮ ದೇಶದ ಪೌಷ್ಟಿಕಾಂಶ ಶಿಫಾರಸು 0.83 ಗ್ರಾಂ, ನಮಗೆ ಬೇಕಿರುವುದು ಅದರ ಸರಿಸುಮಾರು ಎರಡರಷ್ಟು.

ಮನೆಯ ಒಂದು ದಿನದ ಊಟ ಲೆಕ್ಕ ಹಾಕೋಣ. ಬೆಳಿಗ್ಗೆ ನಾಲ್ಕು ಇಡ್ಲಿ ಸಾಂಬಾರಿಗೆ 10–11 ಗ್ರಾಂ. ಮಧ್ಯಾಹ್ನ ಮುದ್ದೆ, ಅನ್ನ, ಸಾರು, ಮಜ್ಜಿಗೆಗೆ 15ರ ಹತ್ತಿರ. ಸಂಜೆ ಟೀ, ಬನ್ನಿಗೆ 4. ರಾತ್ರಿ ಚಪಾತಿ ಪಲ್ಯಕ್ಕೆ 10. ಒಟ್ಟು 40. ಹೊಟ್ಟೆ ತುಂಬಿದೆ, ತೋಳಿಗೆ ಸಾಲದು.

ಸಾರಿನ ಬಗ್ಗೆ ಒಂದು ಮಾತು, ಏಕೆಂದರೆ ಎಡವುವುದು ಇಲ್ಲೇ. ಬಸ್ಸಾರು ಮಾಡುವಾಗ ಬೇಯಿಸಿದ ಕಾಳನ್ನು ಬಸಿದು, ಬಸಿದ ಕಟ್ಟಿನಿಂದ ಸಾರು, ಕಾಳಿನಿಂದ ಪಲ್ಯ. ಪ್ರೋಟೀನಿನ ಬಹುಪಾಲು ಉಳಿಯುವುದು ಪಲ್ಯದಲ್ಲಿ. ಎರಡು ಸೌಟು ಸಾರು ಸುರಿದುಕೊಂಡು, ತಟ್ಟೆಯ ಅಂಚಿಗೆ ಒಂದು ಚಮಚ ಪಲ್ಯ ಹಾಕಿಕೊಂಡರೆ "ದಿನಾ ಕಾಳು ತಿನ್ನುತ್ತೇನೆ" ಎಂಬ ಮಾತು ಲೆಕ್ಕಕ್ಕೆ ಬರುವುದಿಲ್ಲ. ತಿಳಿ ಬೇಳೆಸಾರಿನ ಒಂದು ಲೋಟದಲ್ಲೂ ಇರುವುದು ಮೂರು ನಾಲ್ಕು ಗ್ರಾಂ ಮಾತ್ರ. ಅಳತೆ ತಿರುಗಿಸಿ: ಪಲ್ಯ ಒಂದು ಬಟ್ಟಲು, ಸಾರು ನೆಂಚಿಕೊಳ್ಳಲು.

ಬಾಕಿ ಸುಮಾರು 60 ಗ್ರಾಂ ತುಂಬುವ ಒಂದು ದಾರಿ: ನಾಲ್ಕು ಮೊಟ್ಟೆಗೆ 24, ಅರ್ಧ ಲೀಟರ್ ಹಾಲಿಗೆ 16, ಒಣ ಸೋಯಾ ಚಂಕ್ಸ್ 40 ಗ್ರಾಮಿಗೆ 20. ಮೊಟ್ಟೆ ತಿನ್ನದವರು 100 ಗ್ರಾಂ ಪನೀರಿಗೆ 18, 50 ಗ್ರಾಂ ಕಡಲೆಕಾಯಿ ಬೀಜಕ್ಕೆ 12–13 ಎಂದು ಹಿಡಿಯಬಹುದು. ಕೋಳಿ ತಿನ್ನುವವರಿಗೆ ಮೂಳೆ, ಚರ್ಮ ಇಲ್ಲದ ಎದೆಭಾಗ 100 ಗ್ರಾಂ, ಹಸಿ ತೂಕದಲ್ಲಿ, 22ರ ಆಸುಪಾಸು. ಒಂದೇ ಹೊತ್ತಿಗೆ ತುರುಕದೆ ಮೂರು ನಾಲ್ಕು ಹೊತ್ತಿಗೆ ಹಂಚಿ.

ಪ್ರೋಟೀನ್ ಸರಿಯಿದ್ದೂ ತೂಕ ಏರದಿದ್ದರೆ ದಿನಕ್ಕೆ 250–300 ಕ್ಯಾಲೊರಿ ಸೇರಿಸಿ: ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಬಾಳೆಹಣ್ಣು. ತಿಂಗಳಿಗೆ ಒಂದು ಕೆ.ಜಿ.ಯಷ್ಟು ಏರಿದರೆ ಸಾಕು. ತೋಳಿಗಿಂತ ಹೊಟ್ಟೆಯ ಅಳತೆ ಬೇಗ ಏರುತ್ತಿದ್ದರೆ ಹೆಚ್ಚಾಯಿತು, ಅರ್ಧಕ್ಕೆ ಇಳಿಸಿ. ಏಳು ಗಂಟೆ ನಿದ್ದೆ ಇಲ್ಲದವರಿಗೆ ಈ ಲೆಕ್ಕವೆಲ್ಲ ನಿಧಾನವಾಗುತ್ತದೆ. ರಾತ್ರಿ ಪಾಳಿಯವರು ಹಗಲು ಕೋಣೆ ಕತ್ತಲು ಮಾಡಿಯಾದರೂ ಮಲಗಬೇಕು.

ಪ್ರೋಟೀನ್ ಪುಡಿ ಕಡ್ಡಾಯವಲ್ಲ. ಕೊಳ್ಳುವುದಾದರೆ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಮುರಿಯದ ಸೀಲು ನೋಡಿ. ಶಕ್ತಿ ಹೆಚ್ಚಿಸಲು ಬಳಸುವ ಕ್ರಿಯಾಟಿನ್ ಪುಡಿ ದಿನಕ್ಕೆ 3–5 ಗ್ರಾಂ ಸಾಕು. ಮೊದಲ ವಾರಗಳಲ್ಲಿ ಏರುವ ತೂಕದಲ್ಲಿ ನೀರಿನ ಪಾಲು ಇರುತ್ತದೆ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇರುವವರು ಇವೆರಡಕ್ಕೂ ಮೊದಲು ವೈದ್ಯರನ್ನು ಕೇಳಲೇಬೇಕು. ಲೇಬಲ್ಲಿಲ್ಲದ ಪುಡಿ, "ಒಂದು ಕೋರ್ಸ್ ಮಾಡು" ಎಂದು ಜಿಮ್‌ನಲ್ಲಿ ಯಾರಾದರೂ ಕೊಡುವ ಇಂಜೆಕ್ಷನ್ ಎರಡನ್ನೂ ದೂರ ಇಡಿ. ಸ್ಟೀರಾಯ್ಡ್‌ನಿಂದ ವೃಷಣ ಕುಗ್ಗುತ್ತದೆ, ದೇಹದ ಸ್ವಂತ ಹಾರ್ಮೋನ್ ನಿಲ್ಲುತ್ತದೆ, ಗಂಡಸರಿಗೆ ಎದೆ ಬೆಳೆಯುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ. ಈಗಾಗಲೇ ತೆಗೆದುಕೊಂಡಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ.

ಚೆನ್ನಾಗಿ ತಿಂದರೂ ತೂಕ ಇಳಿಯುತ್ತಲೇ ಇದೆ, ಬಾಯಾರಿಕೆ ಹೆಚ್ಚು, ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ ಎಂದಾದರೆ ಇದು ವ್ಯಾಯಾಮದ ದೋಷವಲ್ಲ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

## ಲಕ್ಷಣ: ಒಂದು ತೋಳು ದಪ್ಪ, ಇನ್ನೊಂದು ತೆಳ್ಳಗೆ

ಒಂದು ಸೆಂಟಿಮೀಟರಿನವರೆಗಿನ ವ್ಯತ್ಯಾಸ ಸಹಜ. ರಾಡ್ ಬದಲು ಡಂಬಲ್ ಹಿಡಿಯಿರಿ, ಸಣ್ಣ ಕೈಯಿಂದ ಶುರುಮಾಡಿ, ಅದು ಮಾಡಿದಷ್ಟೇ ರೆಪ್ಸ್ ದೊಡ್ಡ ಕೈಗೂ. ಆದರೆ ಇದ್ದಕ್ಕಿದ್ದಂತೆ ಒಂದು ತೋಳು ಸಣ್ಣಗಾಗುತ್ತಾ, ಶಕ್ತಿ ಕುಂದುತ್ತಾ, ಸ್ನಾಯು ತಾನೇ ಮಿಡಿಯುತ್ತಿದ್ದರೆ ನರರೋಗ ತಜ್ಞರನ್ನು ಕಾಣಬೇಕು.

## ಲಕ್ಷಣ: ಮೊಣಕೈ ನೋವು

ಮೊದಲು ಎಲ್ಲಿ ಎಂದು ಬೆರಳಿಟ್ಟು ತೋರಿಸಿ. ತುಂಬಿದ ತಂಬಿಗೆಯನ್ನು ಅಂಗೈ ಕೆಳಮುಖವಾಗಿ ಹಿಡಿದು ಎತ್ತುವಾಗ ಮೊಣಕೈಯ ಹೊರಬದಿ ನೋಯುತ್ತಿದ್ದರೆ ಅದು ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳ ರಜ್ಜು. ಟೆನಿಸ್ ಎಲ್ಬೋ ಎನ್ನುವುದು ಇದನ್ನೇ. ಒದ್ದೆ ಪಂಚೆ ಹಿಂಡುವಾಗ ಒಳಬದಿ ನೋಯುತ್ತಿದ್ದರೆ ಗಾಲ್ಫರ್ಸ್ ಎಲ್ಬೋ. ನೆಟ್ಟನೆಯ ರಾಡಿನಲ್ಲಿ ಕರ್ಲ್, ಅತಿಯಾದ ಪುಲ್‌ಅಪ್ ಇದಕ್ಕೆ ಸಾಮಾನ್ಯ ಕಾರಣ. ಹಿಂಭಾಗದ ತುದಿಯಲ್ಲಿ ನೋವಿದ್ದರೆ ಟ್ರೈಸೆಪ್ಸ್ ರಜ್ಜು, ಹೆಚ್ಚಾಗಿ ಸ್ಕಲ್ ಕ್ರಷರ್‌ನಿಂದ (ಮಲಗಿ ರಾಡನ್ನು ಹಣೆಯತ್ತ ಇಳಿಸಿ ಎತ್ತುವುದು).

ಸರಿಪಡಿಸುವ ಕ್ರಮ ಮೂರಕ್ಕೂ ಒಂದೇ ಬಗೆಯದು. ನೆಟ್ಟನೆಯ ರಾಡ್ ಬಿಟ್ಟು ಝಡ್ ರಾಡ್ ಅಥವಾ ಡಂಬಲ್ ಹಿಡಿಯಿರಿ, ಅಥವಾ ಅಂಗೈಗಳು ಎದುರುಬದುರಾಗುವ ಹ್ಯಾಮರ್ ಕರ್ಲ್ ಮಾಡಿ. ಸ್ಕಲ್ ಕ್ರಷರ್‌ನಲ್ಲಿ ರಾಡನ್ನು ಹಣೆಗೆ ಇಳಿಸದೆ ತಲೆಯ ಹಿಂದಕ್ಕೆ ಇಳಿಸಿ. ಎರಡು ಮೂರು ವಾರ ಸೆಟ್‌ಗಳನ್ನು ಅರ್ಧಕ್ಕೆ ತನ್ನಿ. ಒಳ, ಹೊರಬದಿಯ ನೋವಿಗೆ ಮುಂಗೈಯನ್ನು ಮೇಜಿನ ಮೇಲಿಟ್ಟು, 1–2 ಕೆ.ಜಿ. ಹಿಡಿದು, ಇನ್ನೊಂದು ಕೈಯಿಂದ ಮೇಲೆತ್ತಿಕೊಂಡು, ನೋಯುವ ಕೈಯಿಂದ ಮೂರು ನಾಲ್ಕು ಸೆಕೆಂಡು ಹಿಡಿದು ಇಳಿಸಿ: 15ರಂತೆ ಮೂರು ಸೆಟ್. ಹೊರಬದಿ ನೋವಿದ್ದರೆ ಅಂಗೈ ಕೆಳಕ್ಕೆ, ಒಳಬದಿ ಇದ್ದರೆ ಮೇಲಕ್ಕೆ. ಹತ್ತಕ್ಕೆ ಮೂರರಷ್ಟು ನೋವು, ಮರುದಿನಕ್ಕೆ ಇಳಿಯುವಂತಿದ್ದರೆ, ಮುಂದುವರಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ತೂಕ ಇಳಿಸಿ. ರಜ್ಜುವಿಗೆ ರಕ್ತ ಸಂಚಾರ ಸ್ನಾಯುವಿಗಿಂತ ಕಡಿಮೆ, ಆದ್ದರಿಂದ 6–12 ವಾರ ಹಿಡಿಯುತ್ತದೆ. ನೋವಿನ ಮಾತ್ರೆ ನುಂಗಿ ಅದೇ ತೂಕ ಎತ್ತಬೇಡಿ, ದೇಹ ಕೊಡುತ್ತಿರುವ ಸೂಚನೆ ಮುಚ್ಚಿಹೋಗುತ್ತದೆ. ಆರು ವಾರವಾದರೂ ಕಡಿಮೆಯಾಗದಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಮೊಣಕೈ ಸಿಕ್ಕಿಕೊಂಡಂತಾದರೆ ಮೂಳೆ ತಜ್ಞರು ಅಥವಾ ಫಿಸಿಯೋಥೆರಪಿಸ್ಟ್ ಬಳಿ ಹೋಗಿ.

## ಲಕ್ಷಣ: ಬೆರಳು ಜುಮ್ಮೆನ್ನುವುದು

ಯಾವ ಬೆರಳು ಎನ್ನುವುದರಲ್ಲೇ ಉತ್ತರ ಇದೆ. ಕಿರುಬೆರಳು, ಉಂಗುರದ ಬೆರಳು ಜುಮ್ಮೆಂದರೆ ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿದೆ. ಮಣಿಕಟ್ಟು ನೆಟ್ಟಗಿಟ್ಟು ಮೊಣಕೈ ಪೂರ್ತಿ ಮಡಚಿ ಒಂದು ನಿಮಿಷ ಹಿಡಿಯಿರಿ. ಜುಮ್ಮೆನ್ನಲು ಶುರುವಾದರೆ ಅನುಮಾನ ಬಲವಾಗುತ್ತದೆ. ಮೊಣಕೈ ಆಳವಾಗಿ ಮಡಚುವ ವ್ಯಾಯಾಮಗಳನ್ನು, ಅಂದರೆ ಸ್ಕಲ್ ಕ್ರಷರ್ ಮತ್ತು ಓವರ್‌ಹೆಡ್ ಎಕ್ಸ್‌ಟೆನ್ಷನ್, ಸದ್ಯಕ್ಕೆ ಬಿಟ್ಟು ಪುಶ್‌ಡೌನ್ ಮಾಡಿ. ರಾತ್ರಿ ಕೈ ಮಡಚಿ ಮಲಗುವ ಅಭ್ಯಾಸವಿದ್ದರೆ ಮೊಣಕೈಗೆ ಟವೆಲ್ ಸುತ್ತಿ ಸಡಿಲವಾಗಿ ಕಟ್ಟಿಕೊಳ್ಳಿ, ಮಡಚುವುದು ತಪ್ಪುತ್ತದೆ. ಮೊಣಕೈ ಮೇಜಿಗೆ ಊರಿ ಮೊಬೈಲ್ ನೋಡುವುದನ್ನೂ ಬಿಡಿ.

ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜುಮ್ಮೆಂದು, ರಾತ್ರಿ ಎದ್ದು ಕೈ ಕೊಡವಬೇಕಾದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಮಣಿಕಟ್ಟು ಹಿಂದಕ್ಕೆ ಬಗ್ಗಿಸಿ ಹಿಡಿಯುವ ರಾಡ್ ವ್ಯಾಯಾಮಗಳನ್ನು ನಿಲ್ಲಿಸಿ. ಕುತ್ತಿಗೆ ತಿರುಗಿಸಿದಾಗ ನೋವು ತೋಳಿನುದ್ದಕ್ಕೂ ಇಳಿದರೆ ಮೂಲ ಕುತ್ತಿಗೆಯಲ್ಲಿದೆ. ತೂಕವನ್ನು ಪೂರ್ತಿ ಬಿಟ್ಟು ವೈದ್ಯರಿಗೆ ತೋರಿಸಿ.

ಮೂರು ವಾರವಾದರೂ ಜುಮ್ಮು ಹೋಗದಿದ್ದರೆ ಕಾಯಬೇಡಿ. ಎರಡು ಬೆರಳಿನ ಸಂದಿಯಲ್ಲಿ ಕಾಗದ ಹಿಡಿದು ಇನ್ನೊಬ್ಬರು ಎಳೆದರೆ ಜಾರಿಹೋಗುವುದು, ಅಂಗಿಯ ಗುಂಡಿ ಹಾಕಲು ಬೆರಳು ಸೋಲುವುದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಗುಳಿಬೀಳುವುದು, ಇವುಗಳಲ್ಲಿ ಒಂದು ಕಂಡರೂ ಅದೇ ವಾರ ತಜ್ಞರ ಬಳಿ ಹೋಗಿ. ಒತ್ತಿಹೋದ ನರ ಬಹಳ ದಿನ ಹಾಗೇ ಉಳಿದರೆ ಕಳೆದ ಶಕ್ತಿ ಪೂರ್ತಿಯಾಗಿ ಮರಳುವುದಿಲ್ಲ.